ಆಟೋ ಮೀಟರಿನಲ್ಲಿ ಬೀಜೋಕ್ತಿ

ಏಳನೇ ಕ್ಲಾಸಿನ ಮಕ್ಕಳಿಗೆ ಬೀಜೋಕ್ತಿ, ಅಂದರೆ ಸಂಖ್ಯೆಗಳ ಜೊತೆ ಅಕ್ಷರವನ್ನೂ ಸೇರಿಸಿ ಲೆಕ್ಕ ಬರೆಯುವುದು, ಹೇಳಿಕೊಡುವಾಗ ನಾನು ಪೆನ್ಸಿಲ್, ಮಾವಿನಹಣ್ಣಿನ ತಂಟೆಗೇ ಹೋಗುವುದಿಲ್ಲ. ಟ್ಯೂಷನ್‌ಗೆ ಬರುವವರೆಲ್ಲ ಬೆಂಗಳೂರಿನ ಮಕ್ಕಳು, ಆಟೋ ಹತ್ತಿದವರೇ. ಸೀದಾ ಮೀಟರಿಗೆ ಬರುತ್ತೇನೆ.

2025ರ ಆಗಸ್ಟ್‌ನಿಂದ ಇಲ್ಲಿನ ದರ ಹೀಗಿದೆ: ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಕಾಯಿಸಿದ್ದಕ್ಕೆ ಕೊಡುವ ದುಡ್ಡು ಸದ್ಯಕ್ಕೆ ಬಿಡಿ. ಎಷ್ಟು ದೂರ ಹೋಗುತ್ತೇವೋ ಗೊತ್ತಿಲ್ಲ, ಅಲ್ವಾ? ಆ ಸಂಖ್ಯೆಗೆ ಒಂದು ಅಕ್ಷರ ಇಡಿ. ಅದೇ ಚರಾಕ್ಷರ. ಸ್ಕೂಲಿನಲ್ಲಿ ಎಕ್ಸ್ ಇಡುತ್ತಾರೆ, ನಾನು ಮೊದಲು ದೂರಕ್ಕೆ ದ ಅಂತ ಬರೆಸುತ್ತೇನೆ. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಗಳಿಗೆ ಯಾ, ಕಾ, ನೀ ಅಂತ ಬರೆದೇ ಲೆಕ್ಕ ಮಾಡಿದವರು. ದ ಇಟ್ಟರೆ ಎಕ್ಸ್ ಯಾವುದು, ಗುಣಾಕಾರದ ಗುರುತು ಯಾವುದು ಅನ್ನುವ ಗೋಜಲೂ ಇರುವುದಿಲ್ಲ. ಒಂದು ಮಾತ್ರ ಗಟ್ಟಿಯಾಗಿ ಹೇಳಿ: ದ ಅಂದರೆ ಆಟೋನೂ ಅಲ್ಲ, ದಾರಿಯೂ ಅಲ್ಲ. ಎಷ್ಟು ಕಿಲೋಮೀಟರ್ ಅನ್ನುವ ಸಂಖ್ಯೆ, ಅಷ್ಟೇ.

ಈಗ ಬರೆಯೋಣ. 36 ಬದಲಾಗುವುದಿಲ್ಲ, ಅದು ಸ್ಥಿರಾಂಕ. ಉಳಿದ ದೂರ ಎಷ್ಟು? ಇಲ್ಲಿ ಸುಮಾರು ಮಕ್ಕಳು 2 − ದ ಅಂತ ಬರೆದುಬಿಡುತ್ತಾರೆ. "ಎರಡು ಕಳೆದರೆ" ಅಂತ ಬಾಯಲ್ಲಿ ಎರಡೇ ಮೊದಲು ಬರುತ್ತಲ್ಲ, ಅದಕ್ಕೆ. ಬೈಯಬೇಡಿ. "7 ಕಿಲೋಮೀಟರ್ ಹೋದರೆ 2 ಬಿಟ್ಟು ಎಷ್ಟು?" ಅಂತ ಕೇಳಿ. 5 ಅಂತಾರೆ. ಹೇಗೆ ಬಂತು? 7 − 2. ಹಾಗಾದರೆ ದ − 2. ಅದಕ್ಕೆ ತಲಾ 18:

36 + 18(ದ − 2)

ಇನ್ನು ಬೆಲೆ ಕಟ್ಟುವುದು. ದ = 7 ಆದರೆ ದ ಇದ್ದಲ್ಲಿ 7 ಕೂರಿಸಿ. ಮೊದಲು ಆವರಣದ ಒಳಗೆ: 7 − 2 = 5. ಆಮೇಲೆ ಗುಣಾಕಾರ: 18 × 5 = 90. ಕೊನೆಗೆ ಕೂಡಿ: 36 + 90 = 126 ರೂಪಾಯಿ. ಆತುರದಲ್ಲಿ 36 ಮತ್ತು 18ನ್ನು ಮೊದಲೇ ಕೂಡಿದರೆ 54 × 5, ಅಂದರೆ 270 ಬರುತ್ತದೆ. 7 ಕಿಲೋಮೀಟರಿಗೆ 270 ಕೇಳಿದರೆ ಸುಮ್ನೆ ಕೊಟ್ಟು ಇಳಿಯುತ್ತೀರಾ?

ಆವರಣ ಬಿಡಿಸಿ ನೋಡಿ: 36 + 18ದ − 36. ಎರಡು 36ಗಳೂ ಹೊಡೆದುಹೋಗಿ ಬರೀ 18ದ ಉಳಿಯುತ್ತದೆ! ಮೊದಲ 2 ಕಿಲೋಮೀಟರಿಗೂ ತಲಾ 18 ಬೀಳುವುದರಿಂದ ಹೀಗೆ. ಇಲ್ಲೊಂದು ಗುಂಡಿ ಇದೆ. ದ = 7 ಅಂದ ಕೂಡಲೇ 18ರ ಪಕ್ಕ 7 ಅಂಟಿಸಿ 187 ಅನ್ನುವವರು ಇರುತ್ತಾರೆ. ಸಂಖ್ಯೆ, ಅಕ್ಷರ ಪಕ್ಕಪಕ್ಕ ಇದ್ದರೆ ನಡುವೆ ಗುಣಾಕಾರ ಇದೆ ಅಂತ ಅರ್ಥ. ಆದ್ದರಿಂದ ಬೆಲೆ ಹಾಕುವಾಗ 18(7) ಅಂತ ಆವರಣದಲ್ಲೇ ಬರೆಸಿ.

ದ = 1 ಹಾಕಿ ಅಂತಲೂ ಹೇಳಿ. 18 ಬರುತ್ತದೆ, ಆದರೆ ಮೀಟರ್ 36ಕ್ಕಿಂತ ಕೆಳಗೆ ಇಳಿಯುವುದಿಲ್ಲ. ನಮ್ಮ ಬೀಜೋಕ್ತಿ ದ 2 ಅಥವಾ ಅದಕ್ಕಿಂತ ಜಾಸ್ತಿ ಇದ್ದಾಗ ಮಾತ್ರ ಸರಿ. ಟೆಸ್ಟಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ನಾನು ಕೇಳುತ್ತೇನೆ.

ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು, ಹಾಗಾಗಿ 27ದ. ಅದೇ 7 ಕಿಲೋಮೀಟರಿಗೆ 189.

ಇಷ್ಟು ಬಂದ ಮೇಲೆ ಎರಡನೇ ಅಕ್ಷರ ತನ್ನಿ. ಹಗಲಿನ ಬಾಡಿಗೆಯನ್ನು ಜ ಜನ ಹಂಚಿಕೊಂಡರೆ ತಲೆಗೆ 18ದ ÷ ಜ. ದ = 7, ಜ = 3 ಆದರೆ 42 ರೂಪಾಯಿ. ಜ = 4 ಹಾಕಿದರೆ 31 ರೂಪಾಯಿ 50 ಪೈಸೆ ಬರುತ್ತದೆ. ಲೆಕ್ಕ ಸರಿ, ಆದರೆ ಆಟೋದಲ್ಲಿ ಮೂರೇ ಜನ ಕೂರಬೇಕು.