ಎಳೆಯ ದನಿ ಹೋದ ಮೇಲೂ ರ‍್ಯಾಪ್ ಉಳಿಸಿಕೊಂಡ ಬಗೆ: ನನ್ನ ಅನುಭವ

ಹತ್ತನೆಯ ವಯಸ್ಸಿಗೆ ವೇದಿಕೆ ಹತ್ತಿದ ಹುಡುಗ ಹದಿನೈದಕ್ಕೆ ಮುಗಿದುಹೋಗುತ್ತಾನೆ ಎಂದು ನನ್ನೆದುರೇ ಹೇಳಿದವರು ನಮ್ಮ ಜಿಲ್ಲೆಯ ಒಬ್ಬ ಆರ್ಕೆಸ್ಟ್ರಾ ಮಾಲೀಕರು. ಕಳೆದ ಡಿಸೆಂಬರಿನಿಂದ ಮೇ ತಿಂಗಳವರೆಗೆ ಮೂವತ್ತಕ್ಕೆ ಒಂದೆರಡು ಹೆಚ್ಚೇ ಕಾರ್ಯಕ್ರಮಗಳನ್ನು ಮಾಡಿದ್ದೇನೆ. ಅವುಗಳಲ್ಲಿ ನಾಲ್ಕಕ್ಕೆ ಅಡ್ವಾನ್ಸ್ ಕೊಟ್ಟು ಕರೆದವರು ಅದೇ ಮಾಲೀಕರು. ಆದ್ದರಿಂದ ಈಗ ಬರೆಯಬಹುದು ಎನಿಸಿದೆ.

2009ರಿಂದ 2013ರವರೆಗೆ ನಾನು ಹೆಸರಿನ ಮುಂದೆ ‘ಲಿಟಲ್’ ಅಂಟಿಸಿಕೊಂಡು ಗಣೇಶೋತ್ಸವ, ಶಾಲಾ ವಾರ್ಷಿಕೋತ್ಸವ, ಗೋಣಿಕೊಪ್ಪಲಿನ ದಸರಾ ವೇದಿಕೆ ಎಂದು ಓಡಾಡುತ್ತಿದ್ದೆ. ಒಂದು ಕಾರ್ಯಕ್ರಮಕ್ಕೆ ಮೂರು ಸಾವಿರದ ಆಸುಪಾಸು ಸಿಗುತ್ತಿತ್ತು, ಜೊತೆಗೆ ಅಂಗಿಗೆ ಪಿನ್ನು ಚುಚ್ಚಿ ಸಿಕ್ಕಿಸುವ ನೋಟುಗಳು. ಲೆಕ್ಕ ನೋಡಿಕೊಳ್ಳುತ್ತಿದ್ದ ದೊಡ್ಡಪ್ಪ ಅದರಲ್ಲಿ ಎಷ್ಟನ್ನು ನನ್ನ ಹೆಸರಿಗೆ ಕಟ್ಟಿದರು ಎಂಬುದನ್ನು ನಮ್ಮ ಮನೆಯಲ್ಲಿ ಇಂದಿಗೂ ಯಾರೂ ಕೇಳುವುದಿಲ್ಲ. ಜನ ಮೆಚ್ಚುತ್ತಿದ್ದದ್ದು ನನ್ನ ಪ್ರಾಸವನ್ನಲ್ಲ, ಅಷ್ಟು ಸಣ್ಣ ಹುಡುಗ ಅಷ್ಟು ವೇಗವಾಗಿ ಮಾತನಾಡುವುದನ್ನು ಎಂಬುದು ನನಗೆ ತಿಳಿದದ್ದು ದನಿ ಒಡೆದ ಮೇಲೆ.

ದನಿ ಒಡೆದಾಗ ನಾನು ಮಾಡಿದ ಮೊದಲ ತಪ್ಪು, ಅದನ್ನು ಮುಚ್ಚಿಡಲು ಹೋದದ್ದು. ಹೊಸದಾಗಿ ರೆಕಾರ್ಡ್ ಮಾಡಿದ ದನಿಯನ್ನು ಕಂಪ್ಯೂಟರಿನಲ್ಲಿ ನಾಲ್ಕು ಸೆಮಿಟೋನ್, ಅಂದರೆ ನಾಲ್ಕು ಅರ್ಧಸ್ವರ, ಏರಿಸಿ, ಪೆನ್‌ಡ್ರೈವ್‌ಗೆ ಹಾಕಿಕೊಂಡು, ವೇದಿಕೆಯ ಮೇಲೆ ತುಟಿಯಾಡಿಸುವುದು ಎಂದು ನಿರ್ಧರಿಸಿದೆ. ಎರಡು ಕಡೆ ನಡೆಯಿತು. ಮೂರನೆಯದು ಸೋಮವಾರಪೇಟೆ ಕಡೆಯ ಒಂದು ಊರಿನಲ್ಲಿ; ಎರಡನೆಯ ಚರಣದ ನಡುವೆ ಪೆನ್‌ಡ್ರೈವ್ ಸಿಕ್ಕಿಕೊಂಡು ಒಂದೇ ಉಚ್ಚಾರವನ್ನು ‘ಮಡಿ–ಮಡಿ–ಮಡಿ’ ಎಂದು ಹೊಡೆಯತೊಡಗಿತು. ಗಾಬರಿಯಲ್ಲಿ ಮೈಕಿಗೆ ಬಾಯಿಟ್ಟು ನಾನೇ ಮುಂದುವರಿಸಿದಾಗ ಹೊರಟದ್ದು ಗೊಗ್ಗರು ದನಿ. ಮುಂದಿನ ಸಾಲಿನಲ್ಲಿದ್ದ ಮಕ್ಕಳು ನಕ್ಕರು. ಅವರಲ್ಲಿ ಅರ್ಧದಷ್ಟು ಮಕ್ಕಳು ನನ್ನ ಶಾಲೆಯವರೇ. ಉಳಿದ ಹಣ ಬರಲಿಲ್ಲ, ಕೇಳುವ ಮುಖವೂ ನನಗಿರಲಿಲ್ಲ.

ಎರಡನೆಯ ತಪ್ಪು ದೊಡ್ಡದು. 2015ರಲ್ಲಿ ಬೆಂಗಳೂರಿನ ಒಂದು ಸ್ಟುಡಿಯೋದವರು ಆಲ್ಬಂ ಮಾಡಿಕೊಡುತ್ತೇವೆಂದು ಅರವತ್ತು ಸಾವಿರ ತೆಗೆದುಕೊಂಡರು. ಅಪ್ಪ ಜೀಪಿನ ಬಾಡಿಗೆಯಲ್ಲಿ ಕೂಡಿಟ್ಟ ಹಣವದು. ಅದರಿಂದ ಮಾಸ್ಟರಿಂಗ್, ಅಂದರೆ ಸದ್ದಿನ ಕೊನೆಯ ಹದ, ಆಗದ ಎರಡು ಹಾಡುಗಳೂ ಒಂದಿಷ್ಟು ಫೋಟೋಗಳೂ ಕೈಗೆ ಬಂದವು. ಆ ಫೋಟೋಗಳಲ್ಲಿಯೂ ನನ್ನನ್ನು ಹತ್ತು ವರ್ಷದವನಂತೆ ನಿಲ್ಲಿಸಿದ್ದರು.

ಇದು ನನ್ನೊಬ್ಬನ ಕಥೆಯಲ್ಲ. 1992ರಲ್ಲಿ ಪ್ಯಾಂಟನ್ನು ಹಿಂದುಮುಂದಾಗಿ ತೊಟ್ಟು ಹೆಸರು ಮಾಡಿದ ಅಮೆರಿಕದ ಕ್ರಿಸ್ ಕ್ರಾಸ್ ಹುಡುಗರು ಮೂರು ಆಲ್ಬಂಗಳಿಗೇ ನಿಂತರು. 2000ರಲ್ಲಿ, ಹದಿಮೂರರ ಹರೆಯದಲ್ಲಿ, ಮೊದಲ ಆಲ್ಬಂ ತಂದ ಲಿಲ್ ಬೌ ವೌ ಮಾತ್ರ 2003ರ ಆಲ್ಬಂ ಹೊತ್ತಿಗೆ ಹೆಸರಿನಿಂದ ‘ಲಿಲ್’ ಕಳಚಿಟ್ಟು, ನಟನೆಗೂ ಟೀವಿ ನಿರೂಪಣೆಗೂ ಕೈ ಚಾಚಿ ಉಳಿದುಕೊಂಡರು. ನಾನು ಕಲಿತದ್ದು ಆ ಎರಡನೆಯ ದಾರಿಯಿಂದ: ಹೆಸರು ಕತ್ತರಿಸುವುದು ಸುಲಭ, ಹಳೆಯ ಟ್ರ್ಯಾಕುಗಳನ್ನು ಅಳಿಸುವುದು ಕಷ್ಟ. ನಾನು ಎರಡನ್ನೂ ಮಾಡಿದೆ, ಎರಡು ಋತು ವೇದಿಕೆಗೆ ಹೋಗಲೇ ಇಲ್ಲ. ಮನೆಯವರು ಇದನ್ನು ಸೋಮಾರಿತನ ಎಂದರು.

ಹೊಟ್ಟೆಪಾಡಿಗೆ ದಾರಿ ತೋರಿದ್ದು ಮಡಿಕೇರಿ ದಸರಾ. ವಿಜಯದಶಮಿಯ ರಾತ್ರಿ ಟ್ರ್ಯಾಕ್ಟರುಗಳ ಮೇಲೆ ಕಥೆಯ ದೃಶ್ಯ ಕಟ್ಟಿಕೊಂಡು ಹೊರಡುವ ಹತ್ತು ಮಂಟಪಗಳಿಗೂ ಪೌರಾಣಿಕ ಕಥೆಯ ಧ್ವನಿಮುದ್ರಿಕೆ ಬೇಕಾಗುತ್ತದೆ ಎಂಬುದು ನಮ್ಮವರಿಗೆಲ್ಲ ಗೊತ್ತಿರುವ ಸಂಗತಿ. 2017ರಲ್ಲಿ ಒಂದು ಮಂಟಪಕ್ಕೆ ರಾಕ್ಷಸನ ಪಡೆಯ ಸಾಮಾನ್ಯ ಸೈನಿಕನೊಬ್ಬನ ಚೀತ್ಕಾರಕ್ಕೆ ನನ್ನನ್ನು ಕರೆದರು, ಐದು ನೂರು ರೂಪಾಯಿ. ಜನ ನಕ್ಕ ಅದೇ ಗೊಗ್ಗರು ದನಿಗೆ ಇಲ್ಲಿ ಬೆಲೆ ಬಂತು. ಮರುವರ್ಷ ಆಗಸ್ಟಿನ ಭೂಕುಸಿತದಲ್ಲಿ ಜಿಲ್ಲೆಯೇ ನಲುಗಿದಾಗ ಆ ಸಣ್ಣ ಕೆಲಸಗಳೂ ನಿಂತವು. ಆದರೆ ಅಷ್ಟರಲ್ಲಿ ಒಂದು ಪಾಠ ಸಿಕ್ಕಿತ್ತು: ಟ್ರ್ಯಾಕ್ಟರಿನ ಮೇಲಿನ ಸ್ಪೀಕರಿನಿಂದ, ಜನಜಂಗುಳಿಯ ನಡುವೆ, ದಪ್ಪ ದನಿಯಲ್ಲಿ ಒತ್ತೊತ್ತಾಗಿ ಆಡಿದ ಮಾತು ಮುದ್ದೆಯಾಗುತ್ತದೆ, ವ್ಯಂಜನ ಬಿಡಿಸಿ ಆಡಿದ ಮಾತು ಮಾತ್ರ ಕೊನೆಯ ಸಾಲಿಗೂ ತಲುಪುತ್ತದೆ.

ಅಲ್ಲಿಂದ ನನ್ನ ಬರವಣಿಗೆಯೇ ಬದಲಾಯಿತು. ಹುಡುಗನಾಗಿದ್ದಾಗ ನಾಲ್ಕು ಎಣಿಕೆಯ ಒಂದು ‘ಬಾರ್’ನೊಳಗೆ ಹದಿನಾರು ಅಕ್ಷರ ತುರುಕುತ್ತಿದ್ದವನು ಹತ್ತು–ಹನ್ನೊಂದಕ್ಕೆ ಇಳಿಸಿದೆ, ಬೀಟನ್ನು ನಿಮಿಷಕ್ಕೆ ನೂರರ ಮೇಲಿನಿಂದ ತೊಂಬತ್ತರ ಆಸುಪಾಸಿಗೆ ತಂದೆ. ಮಾತನಾಡುವ ಸ್ಥಾಯಿ ಬಿಟ್ಟು ಮೇಲೆ ಹೋಗಬಾರದೆಂದು ಹಟ ಹಿಡಿದೆ. ‘ವೇಗ ಹೋದರೆ ನಿನ್ನಲ್ಲಿ ಏನುಳಿಯಿತು?’ ಎಂದು ಕೇಳಿದವರು ಒಬ್ಬಿಬ್ಬರಲ್ಲ. 2018ರ ಆರಂಭದಲ್ಲಿ ರ‍್ಯಾಪರ್ ಚಂದನ್ ಶೆಟ್ಟಿ ಬಿಗ್ ಬಾಸ್ ಗೆದ್ದ ಮೇಲಂತೂ ಎಲ್ಲರಿಗೂ ಅಂಥದ್ದೇ ಬೇಕಾಗಿತ್ತು. ಅಂಥದ್ದನ್ನು ಮಾಡಲು ಅವರಿದ್ದಾರೆ ಎಂದೆ. ಸಾಲುಗಳ ನಡುವೆ ಉಸಿರನ್ನು ಎಲ್ಲಿ ಬಚ್ಚಿಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ಸುಮಾರು ಒಂದೂವರೆ ವರ್ಷ ಹಿಡಿದಿದೆ.

ನಡುವೆ ಕೊಡವರ ಸಣ್ಣ ಚರ್ಮವಾದ್ಯವಾದ ದುಡಿಯನ್ನು ನಮ್ಮ ಕುಣಿತದ ವಾಲಗದ ಲಯದಲ್ಲಿ ಸೇರಿಸುವ ಪ್ರಯೋಗವೊಂದಕ್ಕೆ ಎಂಟು ತಿಂಗಳು ಸುಟ್ಟೆ. ವಾಲಗದ ತೂಗಾಟ ನನ್ನ ಕಿವಿಗೆ ಮೂರರ ಎಣಿಕೆಯದು, ನನ್ನ ಸಾಲುಗಳು ನಾಲ್ಕರವು. ಎರಡನ್ನೂ ಹೊಲಿಯಲು ಹೋದಾಗ, ಕುಣಿಯಲು ಎದ್ದವರು ಕಾಲು ಎಲ್ಲಿಡಬೇಕೆಂದು ತಿಳಿಯದೆ ನಿಂತುಬಿಟ್ಟರು. ಈಗ ದುಡಿಯನ್ನು ಆರಂಭಕ್ಕೂ ವಿರಾಮಕ್ಕೂ ಮಾತ್ರ ಬಳಸುತ್ತೇನೆ, ನುಡಿಸುವವರಿಗೆ ಎಂಟು ನೂರು ಪ್ರತ್ಯೇಕ.

ಮೈಕು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್, ಹೆಡ್‌ಫೋನ್ ಸೇರಿ ಖರ್ಚಾದದ್ದು ಮೂವತ್ತೆಂಟು ಸಾವಿರ ಇರಬೇಕು. ಕೋಣೆಗೆ ಸದ್ದು ಹೀರುವ ಫೋಮ್ ಹಾಕಿಸಲು ಹಣವಿರಲಿಲ್ಲ. ಪಕ್ಕದ ತೋಟದ ಗೋದಾಮಿನಲ್ಲಿ ಕಾಫಿ ಚೀಲಗಳನ್ನು ಎದೆಯೆತ್ತರಕ್ಕೆ ಅಟ್ಟಿ ಕಟ್ಟಿದ್ದರು. ಅವುಗಳ ನಡುವಿನ ಕಿರಿದಾದ ಓಣಿಯಲ್ಲಿ ನಿಂತು ಚಪ್ಪಾಳೆ ತಟ್ಟಿದಾಗ ಸದ್ದು ಅಲ್ಲಿಯೇ ಸತ್ತಿತು. ಅಂದೇ ರಾತ್ರಿ ಎರಡು ಹಾಡು ಮುಗಿಸಿದೆ. ಒಂದರಲ್ಲಿ ಕೊನೆಗೆ ಇಲಿಯೊಂದು ಗೋಣಿ ಕೆರೆಯುವ ಸದ್ದು ಸೇರಿಕೊಂಡಿದೆ, ಹಾಗೆಯೇ ಬಿಟ್ಟಿದ್ದೇನೆ.

ಈಗ ಮದುವೆಯ ಹಿಂದಿನ ರಾತ್ರಿಗೆ ನಿರೂಪಣೆ, ರ‍್ಯಾಪ್ ಎರಡೂ ಸೇರಿ ಹದಿನೆಂಟರಿಂದ ಇಪ್ಪತ್ತೆರಡು ಸಾವಿರ ಕೇಳುತ್ತೇನೆ. ಹೋಂಸ್ಟೇಯವರ ಕ್ಯಾಂಪ್‌ಫೈರಿಗೆ ಏಳೆಂಟು ಸಾವಿರ. ಅರ್ಧ ಅಡ್ವಾನ್ಸ್ ಬಾರದೆ ಮನೆಯಿಂದ ಹೊರಡುವುದಿಲ್ಲ. ಹಳೆಯ ವೀಡಿಯೋ ನೆನಪಿಟ್ಟು ‘ಆ ಲಿಟಲ್ ಹಾಡು ಒಂದಾದರೂ’ ಎಂದು ಕೇಳುವವರು ಇನ್ನೂ ಇದ್ದಾರೆ. ನಗುತ್ತಾ ಇಲ್ಲ ಎನ್ನುತ್ತೇನೆ. ವಿರಾಜಪೇಟೆಯ ಒಂದು ಮದುವೆಯಲ್ಲಿ ವಧುವಿನ ಅಜ್ಜಿಯೇ ಕೇಳಿದಾಗ ಮಾತ್ರ ಎರಡು ಸಾಲು ಹೇಳಬೇಕಾಯಿತು, ಈಗಿನ ದನಿಯಲ್ಲಿ, ನಿಧಾನವಾಗಿ. ಅಜ್ಜಿ ತಲೆಯಾಡಿಸಿ, ‘ಆಗ ಒಂದು ಮಾತೂ ಅರ್ಥವಾಗಿರಲಿಲ್ಲ ಮಗ’ ಎಂದರು.

ಜೂನ್ ಹಿಡಿದರೆ ಕಾರ್ಯಕ್ರಮ ಸೊನ್ನೆ. ಗೋದಾಮಿನ ಕಾಫಿಯೂ ಮಾರಾಟವಾಗಿ ಹೋಗಿರುತ್ತದೆ, ತಗಡಿನ ಮೇಲೆ ಮಳೆ ಬಿಟ್ಟೂಬಿಡದೆ ಸುರಿಯುತ್ತದೆ. ಈ ವರ್ಷದ ಮಂಟಪದ ಕೆಲಸ ಮಾತ್ರ ಒಪ್ಪಿಕೊಂಡಾಗಿದೆ, ಈ ಸಲ ರಾಕ್ಷಸನ ಪಾತ್ರವೇ. ಎಂಟು ಸಾವಿರ ಕೇಳಿದ್ದೆ, ಆರಕ್ಕೆ ನಿಂತಿದೆ. ಖಾಲಿ ಗೋಣಿಗಳಿಗೆ ಕಾಫಿ ಹೊಟ್ಟು ತುಂಬಿ ಮತ್ತೆ ಆ ಓಣಿ ಕಟ್ಟಿದ್ದೇನೆ, ಮಳೆ ಹೊಳವು ಕೊಡುವ ನಡುರಾತ್ರಿಗಾಗಿ ಕಾದಿದ್ದೇನೆ.