ಕ್ವಿಜ್‌ನಲ್ಲಿ ಸರಿ, ಹಾಳೆಯಲ್ಲಿ ತಪ್ಪು

ಒಂದೇ ಸೆಮಿಸ್ಟರ್‌ನಲ್ಲಿ ಕಾಸ್ಟಿಂಗ್ (ವೆಚ್ಚದ ಲೆಕ್ಕಾಚಾರ) ವಿಷಯವನ್ನು ಎರಡು ಸೆಕ್ಷನ್‌ಗಳಿಗೆ ಹೇಳಿಕೊಟ್ಟೆ. ಒಂದು ಸೆಕ್ಷನ್ ತರಗತಿಯಲ್ಲಿ, ಇನ್ನೊಂದು ಆನ್‌ಲೈನ್‌ನಲ್ಲಿ. ಪ್ರಶ್ನೆಪತ್ರಿಕೆ ಒಂದೇ, ಪರೀಕ್ಷೆ ಎಲ್ಲರಿಗೂ ಹಾಲ್‌ನಲ್ಲೇ. ಸರಾಸರಿ ಅಂಕ ಹೆಚ್ಚುಕಡಿಮೆ ಸಮವಾಗಿಯೇ ಬಂತು. ಆ ಸಮವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆನ್‌ಲೈನ್ ಆರಿಸಿಕೊಂಡವರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋಗುತ್ತಿದ್ದವರು. ಬಿಲ್ಲು, ಸ್ಟಾಕು, ಕಮಿಷನ್ ಎಲ್ಲ ಕಣ್ಣಾರೆ ಕಂಡವರು. ಅವರ ಅಂಕದಲ್ಲಿ ನನ್ನ ಪಾಠದ ಪಾಲೆಷ್ಟು, ಅವರ ಕೆಲಸದ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು.

ನನ್ನ ಕಣ್ಣು ತೆರೆಸಿದ್ದು ಬ್ರೇಕ್ ಈವನ್ ಲೆಕ್ಕ, ಅಂದರೆ ಲಾಭವೂ ನಷ್ಟವೂ ಇಲ್ಲದಂತಾಗಲು ಎಷ್ಟು ಘಟಕ ಮಾರಬೇಕು ಎಂಬುದು. ಸ್ಥಿರ ವೆಚ್ಚ 60,000. ಒಂದು ಘಟಕದ ಮಾರಾಟ ಬೆಲೆ 50, ಬದಲಾಗುವ ವೆಚ್ಚ 30. ಉಳಿಯುವ 20ರಿಂದ ಭಾಗಿಸಿದರೆ 3,000 ಘಟಕ. ಆನ್‌ಲೈನ್ ಕ್ವಿಜ್‌ನಲ್ಲಿ ಬಹುತೇಕ ಎಲ್ಲರದೂ ಸರಿ. ಮುಂದಿನ ವಾರ ಪ್ರತಿ ಘಟಕದ ಮೇಲೆ 5 ಮಾರಾಟ ಕಮಿಷನ್ ಸೇರಿಸಿದೆ. ಉಳಿಯುವುದು 15, ಉತ್ತರ 4,000 ಆಗಬೇಕು. ಹಲವರು ಆ 5ನ್ನು ಸ್ಥಿರ ವೆಚ್ಚಕ್ಕೆ ಕೂಡಿಸಿಬಿಟ್ಟಿದ್ದರು! ಸೂತ್ರ ಬಾಯಿಗೆ ಬಂದಿತ್ತು, ತಲೆಗೆ ಹೋಗಿರಲಿಲ್ಲ. ತಾಳೆಪಟ್ಟಿಯ (ಟ್ರಯಲ್ ಬ್ಯಾಲೆನ್ಸ್) ಡೆಬಿಟ್, ಕ್ರೆಡಿಟ್ ಮೊತ್ತ ತಾಳೆಯಾದ ಮಾತ್ರಕ್ಕೆ ಲೆಕ್ಕದ ಪುಸ್ತಕದಲ್ಲಿ ತಪ್ಪಿಲ್ಲ ಎನ್ನಬೇಡಿ ಎಂದು ವರ್ಷವಿಡೀ ಹೇಳುವ ನಾನೇ ಕ್ವಿಜ್ ಅಂಕ ನೋಡಿ ಹಿಗ್ಗಿದ್ದೆ.

ತರಗತಿಯಲ್ಲೂ ಇದೇ ತಪ್ಪು ಆಗಿತ್ತು. ಆದರೆ ಬೆಂಚುಗಳ ನಡುವೆ ಓಡಾಡುವಾಗ ನೋಟ್‌ಬುಕ್ಕಿನಲ್ಲಿ ಕಣ್ಣಿಗೆ ಬಿತ್ತು, ಅಲ್ಲೇ ತಿದ್ದಿಸಿದೆ.

ಆಮೇಲೆ ಆನ್‌ಲೈನ್‌ನಲ್ಲಿ ಬರೀ ಉತ್ತರ ಕೇಳುವುದನ್ನು ಬಿಟ್ಟೆ. ಹಾಳೆಯಲ್ಲಿ ಬಿಡಿಸಿ ಫೋಟೊ ಕಳಿಸಿ ಎಂದು ಹೇಳಿ ಐದು ನಿಮಿಷ ಸುಮ್ಮನೆ ಕೂರುತ್ತಿದ್ದೆ (ಮೇಷ್ಟ್ರುಗಳಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ). ಹೆಸರು ಮುಚ್ಚಿ ಎರಡು ಹಾಳೆ ತೋರಿಸಿ, ಎಲ್ಲಿ ಎಡವಿದೆ ಎಂದು ಕೇಳಿದರೆ, ಒಮ್ಮೆಯೂ ಮೈಕ್ ಆನ್ ಮಾಡದವರೂ ಚಾಟ್‌ನಲ್ಲಿ ಬರೆಯತೊಡಗಿದರು.

ಸ್ಪ್ರೆಡ್‌ಶೀಟ್ ಪಾಠಕ್ಕಂತೂ ಆನ್‌ಲೈನೇ ಮೇಲು. ಪ್ರತಿಯೊಬ್ಬರ ಮುಂದೂ ಪರದೆ ಇರುತ್ತದೆ, ತಪ್ಪಿದವರು ರೆಕಾರ್ಡಿಂಗ್ ಹಿಂದಕ್ಕೆ ಸರಿಸಿ ನೋಡುತ್ತಾರೆ. ಬೆಲೆ ಚೌಕಾಸಿಯ ಅಭ್ಯಾಸವನ್ನು ಮಾತ್ರ ಎದುರುಬದುರು ಕೂರಿಸಿಯೇ ಮಾಡಿಸಬೇಕು. ಎದುರಿನವರು ಅರೆಗಳಿಗೆ ತಡೆದರೆ ಪರದೆಯ ಮೇಲೆ ಅದು ಹಿಂಜರಿಕೆಯೋ, ನೆಟ್‌ವರ್ಕ್ ಕೈಕೊಟ್ಟಿದ್ದೋ ತಿಳಿಯುವುದಿಲ್ಲ.

ಈಗ ಫೋಟೊ ಪದ್ಧತಿಯನ್ನು ತರಗತಿಗೂ ತಂದಿದ್ದೇನೆ. ಓಡಾಡುತ್ತೇನೆ ಎಂದುಕೊಂಡಿದ್ದರೂ ಕೊನೆಯ ಎರಡು ಬೆಂಚಿನವರೆಗೆ ನಾನು ಹೋಗುತ್ತಲೇ ಇರಲಿಲ್ಲ ಎಂಬುದು ಮೊದಲ ದಿನದ ಹಾಳೆಗಳಲ್ಲೇ ಗೊತ್ತಾಯಿತು.