ಆಗುಂಬೆ ತಿರುವಿನಲ್ಲಿ ಕೇಳಿದ ಸದ್ದು: ಹಳೆ ಪಿಕಪ್‌ನ ತುಕ್ಕು ಹಿಡಿದ ಹ್ಯಾಂಗರ್ ಸರಿಮಾಡಿದ ನನ್ನ ಅನುಭವ

ಮಲ್ಪೆ ಬಂದರಿನಿಂದ ಘಟ್ಟದ ಮೇಲಕ್ಕೆ ಮೀನು ಸಾಗಿಸುವುದು ನನ್ನ ಕೆಲಸ. ಗಾಡಿ 13 ವರ್ಷ ಹಳೆಯ ಪಿಕಪ್. ಹೋದ ವರ್ಷ ಮೇ ಕೊನೆಯಲ್ಲಿ ಬಂಗುಡೆ ತುಂಬಿಕೊಂಡು ಆಗುಂಬೆ ಘಾಟಿ ಹತ್ತುತ್ತಿದ್ದೆ. ತಿರುವಿನಲ್ಲಿ ಎಳೆದಾಗಲೆಲ್ಲ ಎಡಗಡೆ ಹಿಂದಿನಿಂದ 'ಟಕ್' ಎನ್ನುವ ಸದ್ದು. ಅಲ್ಲಿ ಇರುವುದು 14 ತಿರುವು. ಮೇಲೆ ತಲುಪುವಷ್ಟರಲ್ಲಿ ಅದು ಬುಷ್ (ಸ್ಪ್ರಿಂಗ್ ಜೋಡಣೆಯ ರಬ್ಬರ್ ಕೊಳವೆ) ಸದ್ದಲ್ಲ ಎಂದು ನನಗೆ ಖಾತ್ರಿಯಾಗಿತ್ತು. ರಬ್ಬರ್ ಬುಷ್ ಸವೆದರೆ ಹೆಚ್ಚಾಗಿ ಕಿರುಗುಟ್ಟುತ್ತದೆ. ಇದು ಕಬ್ಬಿಣ ಕಬ್ಬಿಣಕ್ಕೆ ಬಡಿಯುವ ಸದ್ದು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬಾಡಿಗೆಯೂ ಕಡಿಮೆ. ಹಾಗಾಗಿ ಆ ಮಳೆಗಾಲದಲ್ಲೇ ಗಾಡಿಯನ್ನು ಶೆಡ್ಡಿಗೆ ಹಾಕಿ ಅಡಿಗೆ ಇಳಿದೆ.

ಮೀನಿನ ಗಾಡಿಗೆ ತುಕ್ಕು ಬರುವುದು ಬರೀ ಮಳೆಯಿಂದಲ್ಲ. ಐಸ್ ಕರಗಿದ ನೀರು ಮೀನಿನ ಉಪ್ಪನ್ನೂ ಸೇರಿಸಿಕೊಂಡು ಬಾಡಿಯ ಬೋಲ್ಟ್ ತೂತುಗಳಿಂದ ಚಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಫ್ರೇಮಿಗೆ, ಇಳಿಯುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಬಿಸಿಲು ಬಂದರೂ ಆ ಜಾಗ ಪೂರ್ತಿ ಒಣಗುವುದೇ ಇಲ್ಲ. ಎರಡು ಕಬ್ಬಿಣದ ತಗಡು ಒಂದಕ್ಕೊಂದು ಅಂಟಿಕೊಂಡಿರುವ ಕಡೆ, ಅಂದರೆ ಬ್ರಾಕೆಟ್ಟಿನ ಬೆನ್ನಿಗೆ, ಅದು ಹೋಗಿ ಕೂರುತ್ತದೆ. ಅಲ್ಲಿಗೆ ನಮ್ಮ ಬ್ರಷ್ಷೂ ಹೋಗುವುದಿಲ್ಲ, ಪೇಂಟೂ ಹೋಗುವುದಿಲ್ಲ.

ಹಿಂದಿನ ಚಕ್ರದ ಮೇಲಿನ ಪ್ಲೇಟ್ ಸೆಟ್ಟನ್ನು (ಪಟ್ಟಿ ಸ್ಪ್ರಿಂಗ್) ಎರಡು ತುದಿಯಲ್ಲೂ ಫ್ರೇಮಿಗೆ ಹಿಡಿಸುವ ಬ್ರಾಕೆಟ್ಟೇ ಹ್ಯಾಂಗರ್. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಹಿಂಬದಿಯ ಶ್ಯಾಕಲ್ (ತೂಗಾಡುವ ಕೊಂಡಿ) ಹ್ಯಾಂಗರ್. ಪದರ ಪದರ ಎದ್ದು ನೋಡಲು ಭಯಂಕರವಾಗಿತ್ತು. ಪ್ಲೇಟ್ ಸೆಟ್ಟಿನ ಮುಂದಿನ ಹ್ಯಾಂಗರ್ ಮಾತ್ರ ಕಪ್ಪು ಪೇಂಟಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಕಣ್ಣನ್ನಷ್ಟೇ ನಂಬಿದ್ದರೆ ಹಿಂದಿನದನ್ನು ಬದಲಿಸಿ ಸುಮ್ಮನಾಗುತ್ತಿದ್ದೆ.

ಅದಕ್ಕೇ ಮೊದಲು ಟೇಪ್ ಹಿಡಿದೆ. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರ ನೇರ ಮಾಡಿ, ಎರಡೂ ಬದಿಯಲ್ಲಿ ಮುಂದಿನ ಚಕ್ರದ ಹಬ್ ನಡುವಿನಿಂದ ಹಿಂದಿನ ಚಕ್ರದ ಹಬ್ ನಡುವಿಗೆ ಅಳೆದೆ. ಎಡಗಡೆ 9 ಮಿ.ಮೀ. ಕಡಿಮೆ. ಆ್ಯಕ್ಸಲ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವುದು ಮುಂದಿನ ಹ್ಯಾಂಗರ್. ಹಿಂದಿನ ಶ್ಯಾಕಲ್, ಭಾರಕ್ಕೆ ಪ್ಲೇಟ್ ಸೆಟ್ ಉದ್ದವಾದಾಗ, ತೂಗಲು ಜಾಗ ಕೊಡುತ್ತದೆ, ಅಷ್ಟೇ. ಘಾಟಿ ಹತ್ತುವಾಗ ಎಂಜಿನ್ ಎಳೆತವೆಲ್ಲ ಮುಂದಿನ ಹ್ಯಾಂಗರನ್ನು ಮುಂದಕ್ಕೆ ನೂಕುತ್ತದೆ. ಎಡಗಡೆ ಅಳತೆ ಕಡಿಮೆ ಬಂದದ್ದೂ, ತಿರುವಿನ ಸದ್ದೂ ಎರಡೂ ಅಲ್ಲಿಗೇ ಕೈತೋರಿಸಿದವು.

ಆಮೇಲೆ ಸುತ್ತಿಗೆ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಗಟ್ಟಿ ಕಬ್ಬಿಣ 'ಠಣ್' ಎನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ತಿಂದುಹೋದದ್ದು 'ದಬ್' ಎನ್ನುತ್ತದೆ, ಪುಟಿಯುವುದಿಲ್ಲ. ಭಯಂಕರ ಕಾಣುತ್ತಿದ್ದ ಹಿಂದಿನ ಹ್ಯಾಂಗರ್ ಠಣ್ ಎಂದಿತು. ಚೆಂದ ಕಾಣುತ್ತಿದ್ದ ಮುಂದಿನದು ದಬ್ ಎಂದಿತು. ಇನ್ನೆರಡು ಏಟಿಗೆ ಪೇಂಟ್ ಒಡೆದು ಒಳಗಿಂದ ಹಳೆಯ ತೇಪೆಯೊಂದು ಕಂಡಿತು. ಹಿಂದೊಮ್ಮೆ ಒಂದು ಗ್ಯಾರೇಜ್‌ನಲ್ಲಿ ಫ್ರೇಮಿನ ತುಕ್ಕಿನ ಮೇಲೆಯೇ ತಗಡು ಇಟ್ಟು ವೆಲ್ಡ್ ಹಾಕಿ, ಕಪ್ಪು ಬಳಿದು ಕೊಟ್ಟಿದ್ದರು. ತೇಪೆಯ ಹಿಂದೆ ಸ್ಕ್ರೂಡ್ರೈವರ್ ಚುಚ್ಚಿದರೆ ಸೀದಾ ಒಳಗೆ ಹೋಯಿತು. ದಪ್ಪ ಅಳೆಯುವ ವರ್ನಿಯರ್ ಹಿಡಿದು ನೋಡಿದೆ. ಒಳ್ಳೆ ಜಾಗದಲ್ಲಿ ಫ್ರೇಮ್ 4 ಮಿ.ಮೀ. ದಪ್ಪ, ಬ್ರಾಕೆಟ್ ಪಕ್ಕದಲ್ಲಿ 2.4. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಒಳಗೇ ಉಬ್ಬಿ ಬ್ರಾಕೆಟ್ಟನ್ನು ಹೊರಕ್ಕೆ ದೂಡಿ ಎರಡು ರಿವಿಟ್ ಸಡಿಲ ಮಾಡಿತ್ತು. ರಿವಿಟ್ ತಲೆಯ ಕೆಳಗೆ ಕಣ್ಣೀರಿನ ಹಾಗೆ ಕಂದು ಗೆರೆ ಇಳಿದಿತ್ತು. ನಿಮ್ಮ ಗಾಡಿಯಲ್ಲೂ ಅಂಥ ಗೆರೆ ಕಂಡರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಳಗೆ ಕಬ್ಬಿಣ ಅಲುಗಾಡುತ್ತಿದೆ ಎಂದೇ ಅರ್ಥ.

ನನ್ನ ಅದೃಷ್ಟ, ಹಾಳಾದದ್ದು ಫ್ರೇಮಿನ ನಿಂತ ಗೋಡೆ ಮಾತ್ರ. ಮೇಲಿನ ಕೆಳಗಿನ ಮಡಿಕೆಗಳು ಗಟ್ಟಿ ಇದ್ದವು. ಭಾರ ಬಿದ್ದಾಗ ಜಾಸ್ತಿ ಒತ್ತಡ ತಡೆಯುವುದು ಆ ಮಡಿಕೆಗಳೇ. ಅಲ್ಲಿ ಬಿರುಕು ಇದ್ದಿದ್ದರೆ ನಾನು ಕೈ ಹಾಕುತ್ತಿರಲಿಲ್ಲ, ಚಾಸಿ ಕೆಲಸದವರ ಹತ್ತಿರವೇ ಒಯ್ಯುತ್ತಿದ್ದೆ.

ಫ್ರೇಮಿನ ಕೆಳಗೆ ಎರಡೂ ಬದಿ ಸ್ಟ್ಯಾಂಡ್ ಕೊಟ್ಟು, ಮುಂದಿನ ಚಕ್ರಕ್ಕೆ ಅಡ್ಡಗಲ್ಲು ಇಟ್ಟು, ಆ್ಯಕ್ಸಲ್ ಭಾರಕ್ಕಷ್ಟೇ ಜಾಕ್ ಹಿಡಿಸಿದೆ. ಜಾಕ್ ಒಂದನ್ನೇ ನಂಬಿ ಯಾವತ್ತೂ ಗಾಡಿಯ ಅಡಿಗೆ ಹೋಗಬೇಡಿ. ಪ್ಲೇಟ್ ಕಣ್ಣಿನ (ಪ್ಲೇಟ್ ಸೆಟ್ಟಿನ ತುದಿಯ ಬಳೆ) ಬೋಲ್ಟ್ ಬುಷ್ಷಿನ ಒಳಕೊಳವೆಗೆ ಕಚ್ಚಿಕೊಂಡಿತ್ತು. ಮೂರು ದಿನ ತುಕ್ಕು ಬಿಡಿಸುವ ಎಣ್ಣೆ ಹೊಡೆದೆ, ಬಗ್ಗಲಿಲ್ಲ. ಗ್ಯಾಸ್ ಹಿಡಿದರೆ ರಬ್ಬರ್ ಸುಟ್ಟು ಕೆಟ್ಟ ಹೊಗೆ ಬರುತ್ತದೆ. ಅದಕ್ಕೆ ಎರಡೂ ಬದಿ ಗ್ರೈಂಡರ್‌ನಲ್ಲಿ ಕೊಯ್ದೆ. ರಿವಿಟ್ ತಲೆಗಳನ್ನೂ ಹಾಗೇ ತೆಗೆದು, ನಡುವೆ ಪಂಚ್ ಹೊಡೆದು, ಡ್ರಿಲ್ ಮಾಡಿ ಹೊರದೂಡಿದೆ.

ವೆಲ್ಡಿಂಗ್ ನನ್ನ ಕೈಕೆಲಸವಲ್ಲ. ಊರಿನ ವೆಲ್ಡರ್ ಅಣ್ಣನನ್ನು ಶೆಡ್ಡಿಗೇ ಕರೆಸಿದೆ. ಅವರು ಬರುವ ಮೊದಲು ಬ್ಯಾಟರಿ ಕಳಚಿ, ಆಲ್ಟರ್ನೇಟರ್ ವೈರ್ ಬಿಚ್ಚಿ, ಡೀಸೆಲ್ ಟ್ಯಾಂಕ್ ಇಳಿಸಿ, ಫ್ರೇಮಿನ ಉದ್ದಕ್ಕೂ ಹೋಗುವ ಬ್ರೇಕ್ ಪೈಪನ್ನು ಪಕ್ಕಕ್ಕೆ ಸರಿಸಿಟ್ಟೆ. ಒದ್ದೆ ಗೋಣಿಯೂ ನೀರಿನ ಬಕೆಟ್ಟೂ ಕೈಗೆ ಸಿಗುವಂತೆ ಇದ್ದವು.

"ಒಳ್ಳೆ ಕಬ್ಬಿಣ ಸಿಗುವವರೆಗೆ ಕೊಯ್ಯಬೇಕು ಮಾರಾಯ್ರೆ, ತುಕ್ಕಿನ ಮೇಲೆ ರಾಡ್ ನಿಲ್ಲುವುದಿಲ್ಲ" ಎಂದರು. ಕೊಯ್ದು ಮುಗಿದಾಗ ಅಂಗೈ ಅಗಲದ ಕಿಂಡಿ. ಅದೇ 4 ಮಿ.ಮೀ. ದಪ್ಪದ ತುಂಡನ್ನು ಸರಿಯಾಗಿ ಕೂರಿಸಿ ಬೆಸೆದು, ಒಳಬದಿಗೆ ಇನ್ನೊಂದು ಉದ್ದದ ಕಬ್ಬಿಣದ ಪ್ಲೇಟ್ ಇಟ್ಟೆವು. ಆ ಪ್ಲೇಟಿನ ತುದಿಗಳನ್ನು ಅವರು ಓರೆಯಾಗಿ ಕತ್ತರಿಸಿದರು. ಮೇಲಿಂದ ಕೆಳಗೆ ನೇರ ಗೆರೆಯಲ್ಲಿ ವೆಲ್ಡ್ ಹಾಕಿದರೆ ಮುಂದೆ ಆ ಗೆರೆಯಲ್ಲೇ ಬಿರುಕು ಬೀಳುತ್ತದಂತೆ. ಮಡಿಕೆಗಳ ಮೇಲೆ ಅಡ್ಡ ವೆಲ್ಡ್ ಹಾಕಲೇ ಇಲ್ಲ. ಒಂದು ಇಂಚು ಇಲ್ಲಿ, ಒಂದು ಇಂಚು ಅಲ್ಲಿ, ನಡುವೆ ತಣಿಯಲು ಬಿಡುತ್ತಾ ಹೋದರು. ಇನ್ನೊಂದು ಮಾತು: 7018 ಎಂಬ ವೆಲ್ಡಿಂಗ್ ರಾಡ್ ಮಳೆಗಾಲದ ಗಾಳಿಯಲ್ಲಿ ಬೇಗ ತೇವ ಹೀರುತ್ತದೆ, ಆಮೇಲೆ ವೆಲ್ಡ್ ಒಳಗಿಂದಲೇ ಬಿರಿಯಬಹುದು. ಅವರು ರಾಡ್‌ಗಳನ್ನು ಓವನ್‌ನಲ್ಲಿ ಒಣಗಿಸಿ ತಂದಿದ್ದರು. ಆ ಶ್ರದ್ಧೆಗೆ ನಾನು ಋಣಿ.

ಹೊಸ ಹ್ಯಾಂಗರನ್ನು ರಿವಿಟ್ ಬದಲು 10.9 ಗುರುತಿನ (ಹೆಚ್ಚು ಬಲದ) 12 ಮಿ.ಮೀ. ಬೋಲ್ಟ್‌ಗಳಲ್ಲಿ ಹಿಡಿಸಿದೆ. ಕಡಲ ತೀರ ಅಂತ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಲು ಕೆಲವರು ಹೇಳಿದರು. ತುಕ್ಕು ಹಿಡಿಯದ ಸಾಮಾನ್ಯ ಸ್ಟೀಲ್ ಬೋಲ್ಟ್‌ಗೆ ಅಷ್ಟು ಬಲ ಇಲ್ಲ. ಬೋಲ್ಟ್ ತೂತಿನಲ್ಲಿ ಬಿಗಿಯಾಗಿ ಕೂರಬೇಕು, ಕೈಯಲ್ಲಿ ಅಲುಗಾಡಿದರೆ ಅದು ನಾಳೆಯ 'ಟಕ್'. ಹ್ಯಾಂಗರ್ ಮುಖ ಮುಖ ಸೇರುವ ಮೊದಲು ಎರಡೂ ಕಡೆ ಎಪಾಕ್ಸಿ ಪ್ರೈಮರ್ ಬಳಿದು ಒಣಗಿಸಿದ್ದೆ. ಜುಲೈ ತೇವದಲ್ಲಿ ಪ್ರೈಮರ್ ಒಣಗಲು ಹ್ಯಾಲೊಜೆನ್ ದೀಪ ಇಡಬೇಕಾಯಿತು.

ಜೋಡಿಸುವಾಗ ತುಂಬಾ ಜನ ತಪ್ಪುವ ಜಾಗ ಒಂದಿದೆ. ಪ್ಲೇಟ್ ಕಣ್ಣಿನ ಬೋಲ್ಟ್, ಶ್ಯಾಕಲ್ ಬೋಲ್ಟ್ ಇವನ್ನು ಗಾಡಿ ಎತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ರಬ್ಬರ್ ಬುಷ್ ಬಿಗಿದ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಕೆಳಗಿಳಿದು ಪ್ಲೇಟ್ ಚಪ್ಪಟೆಯಾದಾಗ ಬುಷ್ ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ನಾನು ಕೈಬಿಗಿ ಮಾಡಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ನಾಲ್ಕಾರು ಸಲ ಕುಲುಕಿ, ಆಮೇಲೆ ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ಹಿಡಿದೆ. ಆ್ಯಕ್ಸಲ್ಲನ್ನು ಪ್ಲೇಟ್ ಸೆಟ್ಟಿಗೆ ಹಿಡಿಸುವ ಯು ಬೋಲ್ಟ್‌ಗಳನ್ನು ಹೊಸದೇ ಹಾಕಿದೆ. ಒಮ್ಮೆ ಹಿಗ್ಗಿದ ಯು ಬೋಲ್ಟ್ ಮತ್ತೆ ಅದೇ ಬಿಗಿ ಕೊಡುವುದಿಲ್ಲ. ಕೊನೆಗೆ ಮತ್ತೆ ಟೇಪ್ ಹಿಡಿದಾಗ ಎರಡೂ ಬದಿಯ ವ್ಯತ್ಯಾಸ 1 ಮಿ.ಮೀ.

ನಮ್ಮ ಕಡೆ ಚಾಸಿಗೆ ಹಳೆ ಎಂಜಿನ್ ಆಯಿಲ್ ಹೊಡೆಯುವ ರೂಢಿ ಇದೆ. ನಾನು ಅದನ್ನು ಬಿಟ್ಟೆ. ಬುಷ್ ಮತ್ತು ಬ್ರೇಕ್ ಹೋಸ್‌ನ ರಬ್ಬರ್ ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತದೆ. ಬದಲಿಗೆ ಫ್ರೇಮಿನ ಒಳಗೆ ಮೇಣದ ಸ್ಪ್ರೇ ಹೊಡೆದೆ. ಕೆಸರು ಕಟ್ಟಿದ ನೀರಿಳಿಯುವ ತೂತುಗಳನ್ನು ತಂತಿ ಹಾಕಿ ಬಿಡಿಸಿದೆ. ಈಗ ಪ್ರತಿ ಟ್ರಿಪ್ ಮುಗಿದ ಮೇಲೆ ಬಾವಿ ನೀರಿನ ಪೈಪನ್ನು ಗಾಡಿಯ ಮೇಲ್ಭಾಗಕ್ಕೆ ಹಿಡಿಯುವ ಮೊದಲು ಅದರ ಅಡಿಭಾಗಕ್ಕೆ ಹಿಡಿಯುತ್ತೇನೆ.

500 ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿ ನೋಡಿದೆ. ಎಡಗಡೆಯ ಒಂದು ಯು ಬೋಲ್ಟ್ ನಟ್ ಕಾಲು ಸುತ್ತು ಹಿಡಿಯಿತು, ಉಳಿದವು ಕದಲಲಿಲ್ಲ. 8 ವರ್ಷ ದಾಟಿದ ಸರಕು ಗಾಡಿಗೆ ಫಿಟ್‌ನೆಸ್ ಪ್ರತಿ ವರ್ಷ ಮಾಡಿಸಬೇಕಲ್ವಾ, ಈ ಸಲ ಅದಕ್ಕೆ ಹೋಗುವ ಮೊದಲು ಸುತ್ತಿಗೆ ಹಿಡಿದು ಅಡಿಗೆ ಇಳಿದೆ. ಎಡ ಮುಂದಿನ ಹ್ಯಾಂಗರ್ ಠಣ್ ಎಂದಿತು. ಬಲ ಮುಂದಿನದು ಎಡದಷ್ಟು ಸ್ಪಷ್ಟವಾಗಿಲ್ಲ. ಬರುವ ಜೂನ್‌ಗೆ ಅದನ್ನೂ ಬಿಚ್ಚುತ್ತೇನೆ, ಬ್ರಾಕೆಟ್ ಈಗಲೇ ತಂದಿಟ್ಟಿದ್ದೇನೆ.